ಪೊಟರೆಯ ಡಬ್ಬಿಯಲ್ಲಿ ಇಡಬಾರದ ವಸ್ತು

ಮರದ ಪೊಟರೆಗೆ ಕೈ ಹಾಕಿದಾಗ ಒಳಗಿನಿಂದ ಶಿಳ್ಳೆ ಕೇಳಿಸಿತು. ಸಣ್ಣಗೆ, ಒಂದೇ ಎಳೆಯಾಗಿ, ಉಸಿರು ತೆಗೆದುಕೊಳ್ಳದೆ. ಹಾವು ಹಾಗೆ ಕೂಗುವುದಿಲ್ಲ, ಜೀರುಂಡೆಯೂ ಅಲ್ಲ. ಕೈ ಹಿಂದಕ್ಕೆ ಎಳೆದುಕೊಂಡು ನಿಂತೆ. ಭಾನುವಾರದ ಮಧ್ಯಾಹ್ನ, ಮುಂದೆ ಕಾಫಿ ಗಿಡಗಳು, ಬೆನ್ನಿಗೆ ದೇವರಕಾಡಿನ ನೆರಳು, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಶಿಳ್ಳೆ ನಿಲ್ಲಲಿಲ್ಲ. ಕಡೆಗೆ ಧೈರ್ಯ ಮಾಡಿ ಸ್ಟೀಲ್ ಡಬ್ಬಿಯನ್ನು ಹೊರಗೆಳೆದು ಮುಚ್ಚಳ ತೆಗೆದೆ. ಒಳಗೆ ಕೆಂಪು ಬಟ್ಟೆಯ ಗಂಟು. ಗಂಟಿನಲ್ಲಿ ಒಂದು ತುಂಡು ಬೆಲ್ಲ, ಒಂದಿಷ್ಟು ಸಿಂಧೂರ, ಅವುಗಳ ನಡುವೆ ಮಗುವಿನ ಕಿವಿ ಮಿಷನ್. ಚಾಲೂ ಇರುವ ಮಿಷನ್ನನ್ನು ಕಿವಿಯಿಂದ ತೆಗೆದು ಮುಚ್ಚಿಟ್ಟರೆ ಅದು ತನ್ನ ಸದ್ದನ್ನೇ ತಾನು ಕೇಳಿಸಿಕೊಂಡು ಹಾಗೆ ಶಿಳ್ಳೆ ಹಾಕುತ್ತದೆ. ಇದು ನನಗೆ ಗೊತ್ತು, ಯಾಕೆಂದರೆ ನನ್ನ ಕೆಲಸವೇ ಅದು. ಆ ಮಿಷನ್ನಿನ ಗುಲಾಬಿ ಬಣ್ಣದ ಅಚ್ಚನ್ನು ಮಾಡಿಸಿ ಆ ಪುಟ್ಟ ಕಿವಿಗೆ ಕೂರಿಸಿದವಳೂ ನಾನೇ.

ವಿಜಯಪುರದಿಂದ ಫೋನ್ ಮಾಡುವವರೆಲ್ಲ ಕೇಳುತ್ತಾರೆ, ಕೊಡಗು ಹ್ಯಾಂಗ ಐತಿ, ಫೋಟೋದಾಗ ಕಂಡಂಗ ಐತೇನು ಅಂತ. ಹೌದು ಅನ್ನುತ್ತೇನೆ. ಆದರೆ ಫೋಟೋದಲ್ಲಿ ಬಾರದ್ದೇ ಹೆಚ್ಚು. ನಮ್ಮಲ್ಲಿ ಬಾಗಿಲಲ್ಲಿ ನಿಂತರೆ ಹೊಲದಾಚೆಯ ದಾರಿಯಲ್ಲಿ ಬರುವವರು ಯಾರೆಂದು ನಡಿಗೆಯಿಂದಲೇ ಹೇಳಬಹುದು. ಅವರು ಮನೆ ಮುಟ್ಟುವುದರೊಳಗೆ ಚಹಾ ಕುದ್ದಿರುತ್ತದೆ. ಇಲ್ಲಿ ಎರಡನೇ ಸಾಲಿನ ಕಾಫಿ ಗಿಡದಾಚೆ ಏನಿದೆ ಎಂದು ಹೇಳಲಾಗದು. ಮನುಷ್ಯರಾಗಲಿ ಆನೆಯಾಗಲಿ ಮೊದಲು ಕಿವಿಗೆ ಬೀಳುತ್ತಾರೆ, ಆಮೇಲೆ ಕಣ್ಣಿಗೆ. ಊರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕ್ಲಿನಿಕ್ ಮುಚ್ಚಿದ ಮೇಲೆ ಇಲ್ಲಿಯ ಅಮ್ಮತ್ತಿಯ ಒಬ್ಬ ವೈದ್ಯರು ಕಿವಿ ಪರೀಕ್ಷೆ ಮಾಡುವವರು ಬೇಕೆಂದು ಕರೆದರು, ಬಂದೆ. ಮೊದಲ ತಿಂಗಳುಗಳಲ್ಲಿ ರಾತ್ರಿ ಲೈಟು ಹಾಕಿಕೊಂಡೇ ಮಲಗುತ್ತಿದ್ದೆ.

ಬಾಡಿಗೆಗೆ ಸಿಕ್ಕಿದ್ದು ಚೆಂಗಪ್ಪ ಅಂಕಲ್ ಅವರ ಮನೆಯ ಪಕ್ಕದ ಎರಡು ಕೋಣೆ. ಅವರು ಮಿಲಿಟರಿಯಿಂದ ನಿವೃತ್ತರಾಗಿ ಬಂದು ತಮ್ಮ ತೋಟ ನೋಡಿಕೊಂಡಿರುವವರು. ಮನೆಯೊಳಗೆ ಕೊಡವ ಭಾಷೆ, ಕೆಲಸದವರೊಂದಿಗೆ ಹಿಂದಿ, ನನ್ನ ಕಡೆ ತಿರುಗಿದರೆ ಕನ್ನಡ. ಆ ಕನ್ನಡವೂ ನನ್ನ ಕನ್ನಡವೂ ಒಂದನ್ನೊಂದು ಗುರುತಿಸಲು ಸ್ವಲ್ಪ ಕಾಲ ಹಿಡಿಯಿತು. ನಾನು "ಹೌದ್ರೀ" ಅಂದರೆ ಸಂತೆಯಲ್ಲಿ ತರಕಾರಿಯವಳು ನಗುತ್ತಿದ್ದಳು. ಅವಳು "ಎಂತ ಬೇಕು?" ಅಂದರೆ ಗದರಿಸಿದಳೇನೋ ಎಂದು ನಾನು ಹಿಂದೆ ಸರಿಯುತ್ತಿದ್ದೆ. ಊರಿಂದ ತಂದ ಜೋಳದ ಹಿಟ್ಟು ಇಲ್ಲಿಯ ತೇವಕ್ಕೆ ಬೂಸಲು ಹಿಡಿಯಿತು. ಅಂಕಲ್ ಮನೆಯವರು ಅಕ್ಕಿ ರೊಟ್ಟಿ, ಕಣಿಲೆಯ ಪಲ್ಯ ಕೊಟ್ಟರು. ಕಣಿಲೆ ಎಂದರೆ ಎಳೆಯ ಬಿದಿರು. ಬಿದಿರು ತಿಂದೆ ಎಂದು ಅವ್ವನಿಗೆ ಹೇಳಿದಾಗ, ಅಲ್ಲಿ ಕಾಯಿಪಲ್ಲೆ ಸಿಗಂಗಿಲ್ಲೇನು ಅಂದಳು.

ಡಬ್ಬಿಯ ಆಟವನ್ನು ನನಗೆ ಹೇಳಿಕೊಟ್ಟದ್ದೂ ಚೆಂಗಪ್ಪ ಅಂಕಲ್. ಅದಕ್ಕೆ ಜಿಯೋಕ್ಯಾಶ್ ಅನ್ನುತ್ತಾರೆ. ಎಲ್ಲೋ ಒಂದು ಕಡೆ ಡಬ್ಬಿ ಬಚ್ಚಿಟ್ಟು ಆ ಜಾಗದ ಗುರುತನ್ನು ಫೋನಿನ ಆ್ಯಪ್‌ನಲ್ಲಿ ಹಾಕುವುದು. ಗೊತ್ತಿಲ್ಲದವರು ಹುಡುಕಿಕೊಂಡು ಬಂದು, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಒಂದು ವಸ್ತು ತೆಗೆದುಕೊಂಡು ತಮ್ಮದೊಂದು ಇಟ್ಟು ಹೋಗುವುದು. ಹೋಮ್‌ಸ್ಟೇಗೆ ಬಂದಿದ್ದ ಯಾರೋ ವಿದೇಶಿಯರಿಂದ ಅವರು ಇದನ್ನು ಕಲಿತಿದ್ದರು. ತಮ್ಮ ತೋಟದ ಕೊನೆಯಲ್ಲಿ, ದೇವರಕಾಡಿನ ಗಡಿಯಿಂದ ಈಚೆಗಿರುವ ಹಲಸಿನ ಮರದ ಪೊಟರೆಯಲ್ಲಿ ಇಟ್ಟಿದ್ದರು. ದೇವರಕಾಡಿನೊಳಗೆ ಇಡಲಿಲ್ಲ. ಅಲ್ಲಿಯ ಒಂದು ಕಡ್ಡಿಯೂ ಹೊರಗೆ ಬರಬಾರದು, ಹೊರಗಿನ ಒಂದು ಗುಂಡಿಯೂ ಒಳಗೆ ಹೋಗಬಾರದು ಎಂಬುದು ಅವರ ಕಟ್ಟುನಿಟ್ಟು.

ಡಬ್ಬಿಯಲ್ಲಿ ಏನಿಡಬೇಕು, ಏನಿಡಬಾರದು ಎಂಬುದಕ್ಕೂ ಅವರದು ಮಿಲಿಟರಿ ಶಿಸ್ತು. ಗೋಲಿ, ಗುಂಡಿ, ಬಳೆ, ಹಳೆಯ ನಾಣ್ಯ, ಪ್ಲಾಸ್ಟಿಕ್ ಆಟಿಕೆ ಆಗಬಹುದು. ತಿನ್ನುವುದು ಬೇಡ, ಒಮ್ಮೆ ಪ್ರವಾಸಿಗಳು ಚಾಕಲೇಟ್ ಇಟ್ಟು ಹೋಗಿ, ಮೊದಲಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಆನೆ ತುಳಿದು ಅಪ್ಪಚ್ಚಿ ಮಾಡಿತ್ತು. ಸಾಬೂನು, ಊದುಬತ್ತಿ ಕೂಡ ಬೇಡ, ಆನೆಗೆ ವಾಸನೆ ಎಲ್ಲವೂ ಒಂದೇ. ಬೆಂಕಿಪೊಟ್ಟಣ, ಪಟಾಕಿ, ಚಾಕು, ಮಾತ್ರೆ, ಮದ್ಯ ಬೇಡ. ಇದಿಷ್ಟನ್ನೂ ಹೇಳಿ, ಕಡೆಗೆ ದನಿ ತಗ್ಗಿಸಿ ಇನ್ನೊಂದು ಸೇರಿಸಿದ್ದರು.

"ಬೇರೆಯವರು ತಕೊಂಡು ಹೋದ್ರೂ ನಿಂಗೆ ಬೇಜಾರಾಗದ್ದು ಇಡು. ಕಳಕೊಂಡ್ರೆ ಸಂಕಟ ಆಗುವಂಥದ್ದು ಇಟ್ರೆ ಅದು ಮತ್ತೆ ಆಟ ಅಲ್ಲ. ಬೇರೆ ಎಂತದೋ ಆಗ್ತದೆ."

ನಾನು ಗೋಳಗುಮ್ಮಟದ ಚಿತ್ರವಿದ್ದ ಕೀ ಚೈನ್ ಇಟ್ಟು, ಒಂದು ಹಸಿರು ಗೋಲಿ ತೆಗೆದುಕೊಂಡಿದ್ದೆ. ಒಂಟಿತನಕ್ಕೆ ಅದೊಂದು ಮದ್ದಾಯಿತು. ಭಾನುವಾರ ಹೋಗಿ ಡಬ್ಬಿ ನೋಡುವುದು, ಯಾರೋ ಬಂದುಹೋಗಿದ್ದಾರೆ ಎಂದು ತಿಳಿಯುವುದು. ಬೇಸಿಗೆಯಲ್ಲಿ ಮಾತ್ರ ಒಳಗೆ ವಿಚಿತ್ರಗಳು ಕಾಣತೊಡಗಿದವು. ಒಮ್ಮೆ ಕೂದಲು ಸುತ್ತಿದ ದಾರ. ಇನ್ನೊಮ್ಮೆ ಮಗುವಿನ ಒಂಟಿ ಚಪ್ಪಲಿ. ಚೀಟಿಯಲ್ಲಿ ಹೆಸರಿಲ್ಲ, ಏನನ್ನೂ ತೆಗೆದುಕೊಂಡೂ ಇಲ್ಲ. ಆಡುವುದಾದರೆ ತೆಗೆದುಕೊಳ್ಳಬೇಕಲ್ಲ. ಅಂಕಲ್ ಅವನ್ನು ಹೊರಗೆ ಹಾಕುವಾಗ ಬರಿಗೈಯಿಂದ ಮುಟ್ಟದೆ ಎಲೆಯಲ್ಲಿ ಹಿಡಿದದ್ದನ್ನು ನೋಡಿದ್ದೆ. ಆಮೇಲೆ ಈ ಕಿವಿ ಮಿಷನ್.

ಅದು ರೀತಾಳದು. ರೀತಾ ಆರು ವರ್ಷದ ಹುಡುಗಿ, ಪಕ್ಕದ ಎಸ್ಟೇಟಿನ ಲೈನಿನಲ್ಲಿ ಇರುವವಳು. ಲೈನ್ ಎಂದರೆ ಕೆಲಸಗಾರರಿಗಾಗಿ ಸಾಲಾಗಿ ಕಟ್ಟಿದ ಕೋಣೆಗಳು. ಈಗ ಅಲ್ಲಿ ಇರುವವರೆಲ್ಲ ಅಸ್ಸಾಮಿನಿಂದ ಬಂದವರು. ರೀತಾಳ ತಾಯಿ ಫೂಲ್ಮತಿ ಅವಳನ್ನು ನಮ್ಮ ಕ್ಲಿನಿಕ್ಕಿಗೆ ಕರೆತಂದಾಗ ಹುಡುಗಿ ಒಂದು ಮಾತೂ ಆಡುತ್ತಿರಲಿಲ್ಲ. ಮಿಷನ್ ಹಾಕಿದ ದಿನ ನಾನು ಹಿಂದಿನಿಂದ ಚಪ್ಪಾಳೆ ತಟ್ಟಿದಾಗ ಅವಳು ತಿರುಗಿ ನೋಡಿದ್ದು, ಈ ಊರಿಗೆ ಬಂದ ಮೇಲೆ ನನಗಾದ ಅತಿ ದೊಡ್ಡ ಸಂತೋಷ. ಇಂಥ ಮಕ್ಕಳಿಗೆ ಕಾಲ ಕಾಯುವುದಿಲ್ಲ. ಎಳೆಯ ವಯಸ್ಸಿನಲ್ಲಿ ಮಾತು ಕಿವಿಗೆ ಬೀಳದಿದ್ದರೆ ಆಮೇಲೆ ಎಷ್ಟು ದೊಡ್ಡ ಮಿಷನ್ ಹಾಕಿದರೂ ಅದು ಬರೀ ಸದ್ದಾಗಿ ಉಳಿದುಬಿಡಬಹುದು.

ಆವತ್ತೇ ಲೈನಿಗೆ ಹೋದೆ. ಫೂಲ್ಮತಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನ ಕೈಯಲ್ಲಿ ಕೆಂಪು ಗಂಟು ಕಂಡದ್ದೇ ಎದ್ದು ನಿಂತು ಮಗುವನ್ನು ಒಳಗೆ ತಳ್ಳಿದಳು. ಅವಳದು ಅಸ್ಸಾಮಿನ ಚಹಾ ತೋಟದ ಹಿಂದಿ, ನನ್ನದು ವಿಜಯಪುರದ ಗಲ್ಲಿಯ ದಖನಿ, ಉರ್ದು ಬೆರೆತ ಹಿಂದಿ. ಕಾಲೇಜಿನಲ್ಲಿ ಎಲ್ಲರ ನಗೆಗೆ ಗುರಿಯಾಗಿದ್ದ ನನ್ನ ಆ ಹಿಂದಿ ಇಲ್ಲಿ ಕೆಲಸಕ್ಕೆ ಬಂತು. ಎರಡು ಮುರುಕು ಭಾಷೆಗಳ ನಡುವೆ ಅವಳು ಹೇಳಿದ್ದು ಹೀಗೆ.

ಅವರು ಇಲ್ಲಿಗೆ ಬಂದಾಗಿನಿಂದ ಬೆಳಗಿನ ಜಾವ ಕಾಡಿನ ಕಡೆಯಿಂದ ಒಬ್ಬ ಹುಡುಗ ಶಿಳ್ಳೆ ಹಾಕುತ್ತಾನೆ. ದಾರಿಯಲ್ಲಿ ಸುಮ್ಮನೆ ಹೋಗುವವರು ಹಾಡು ಗುನುಗುವ ಹಾಗೆ, ಅರ್ಧಕ್ಕೆ ನಿಲ್ಲಿಸಿ ಮತ್ತೆ ಶುರು ಮಾಡುತ್ತಾನೆ. ಲೈನಿನವರೆಲ್ಲ ಕೇಳಿದ್ದಾರೆ, ಯಾರೂ ಅವನನ್ನು ಕಂಡಿಲ್ಲ. ಓಗೊಟ್ಟರೆ ಅವನ ಹಿಂದೆ ಹೋಗಲೇಬೇಕು ಎಂದು ಯಾರೂ ಓಗೊಡುವುದಿಲ್ಲ. ಮಿಷನ್ ಹಾಕಿದ ಮೇಲೆ, ರಾತ್ರಿಯೂ ಅದನ್ನು ತೆಗೆಯಲು ಬಿಡದೆ, ರೀತಾ ಕತ್ತಲು ಹರಿಯುವ ಮೊದಲೇ ಎದ್ದು ಬಾಗಿಲ ಬಳಿ ನಿಂತು ನಗತೊಡಗಿದಳು. ತಾನು ಪೊಟರೆಯಲ್ಲಿ ಮಗುವಿನ ಚಪ್ಪಲಿ, ಕೂದಲು ಇಟ್ಟು ಕೈಮುಗಿದು ಬಂದರೂ ಆಗಲಿಲ್ಲ. ಒಂದು ದಿನ ಮಗು ಹಾಸಿಗೆಯಲ್ಲಿ ಇರಲಿಲ್ಲ. ಹುಡುಕಿಕೊಂಡು ಹೋದರೆ ಆ ಹಲಸಿನ ಮರದ ಬುಡದಲ್ಲಿ ನಿಂತು, ತುಟಿ ಮುಂದೆ ಮಾಡಿ, ಶಿಳ್ಳೆ ಹಾಕಲು ನೋಡುತ್ತಿದ್ದಳು.

"ಎಲ್ಲರಿಗೂ ಅದು ಕೇಳಿಸುತ್ತಿತ್ತು," ಅಂದಳು ಫೂಲ್ಮತಿ. "ಕಿವುಡಿ ಅಂತ ಇವಳೊಬ್ಬಳು ಅದರಿಂದ ಉಳಿದಿದ್ದಳು. ನೀನು ಬಂದು ಅವಳ ಕಿವಿ ತೆರೆದೆ."

ಜನ ಆ ಪೊಟರೆಯಲ್ಲಿ ಏನೇನೋ ಇಟ್ಟು ಹೋಗುವುದನ್ನು ಅವಳು ದೂರದಿಂದ ಕಂಡಿದ್ದಳು. ಈ ಊರಿನ ದೇವರಿಗೆ ಸಲ್ಲಿಸುವ ಜಾಗ ಅದೇ ಇರಬೇಕು ಅಂದುಕೊಂಡಿದ್ದಳು. ಯಾವುದರಿಂದ ಮಗುವಿಗೆ ಕೇಳಿಸಿತೋ ಅದನ್ನೇ ತಂದು ವಾಪಸ್ ಕೊಟ್ಟಿದ್ದಳು.

ನಾನು ಮನೆಗೆ ಬಂದು ಅಂಕಲ್‌ಗೆ ಎಲ್ಲ ಹೇಳಿದೆ. ಬೆಲ್ಲ ಇಟ್ಟದ್ದಕ್ಕೆ ಬೈಯಬಹುದು ಅಂದುಕೊಂಡಿದ್ದೆ. ಅವರು ಬೈಯಲಿಲ್ಲ, ಬೆಳಗಿನ ಆ ಕೂಗು ಶಿಳ್ಳೆ ಹಕ್ಕಿಯದು ಅಂದರು. ತೋಡಿನ ಹತ್ತಿರ ಇರುತ್ತದೆ, ತೋಡು ಎಂದರೆ ಇಲ್ಲಿಯ ಹಳ್ಳ. ಮಳೆ ಹತ್ತಿರ ಬಂದಾಗ ಹೆಚ್ಚು ಹಾಡುತ್ತದೆ. ಅವಳಿಗೆ ಕಣ್ಣಾರೆ ತೋರಿಸಿದರೆ ಸರಿಹೋಗುತ್ತದೆ ಎಂದು ಮರುದಿನ ಬೆಳಗ್ಗೆ ತಾವೇ ಹೊರಟರು. ಫೂಲ್ಮತಿ ಬರಲು ಒಪ್ಪಿದ್ದೇ ಹೆಚ್ಚು. ಮಗುವಿನ ಸೊಂಟಕ್ಕೆ ಸೀರೆಯ ಸೆರಗನ್ನು ಗಂಟು ಹಾಕಿಕೊಂಡು ಬಂದಳು. ತೋಡಿನ ಬಳಿ ನಾನು ಮಿಷನ್ ಒರೆಸಿ ರೀತಾಳ ಕಿವಿಗೆ ಹಾಕಿದೆ.

ಮಂಜು ನೆಲದಿಂದ ಆಳೆತ್ತರಕ್ಕೆ ನಿಂತಿತ್ತು. ತುಂಬ ಹೊತ್ತು ನೀರಿನ ಸದ್ದು ಬಿಟ್ಟು ಏನಿಲ್ಲ. ಆಮೇಲೆ ಅದು ಬಂತು. ನಾನು ಈ ಮೊದಲು ಕೇಳಿರಲಿಲ್ಲವೋ, ಕೇಳಿಯೂ ಯಾರೋ ಕೆಲಸಕ್ಕೆ ಹೋಗುತ್ತಿದ್ದಾರೆ ಅಂದುಕೊಂಡಿದ್ದೆನೋ. ಹಕ್ಕಿಯ ಹಾಡು ಅನ್ನಿಸುವಂತಿರಲಿಲ್ಲ; ಜೇಬಿನಲ್ಲಿ ಕೈಯಿಟ್ಟುಕೊಂಡ ಹುಡುಗ ರಾಗ ಮರೆತು ನೆನಪಿಸಿಕೊಳ್ಳುವ ಹಾಗಿತ್ತು. ಅಂಕಲ್ ಬೆರಳು ಮಾಡಿದರು. ಒದ್ದೆ ಬಂಡೆಯ ಮೇಲೆ ಒಂದು ಕಪ್ಪು ಹಕ್ಕಿ, ಬೆಳಕು ತಾಗಿದಲ್ಲಿ ಕಡುನೀಲಿ. ಅದರ ಗಂಟಲು ಅಲುಗುವುದು ಕಾಣುತ್ತಿತ್ತು. ಫೂಲ್ಮತಿ ನೋಡಿದಳು. ಅವಳು ಉಸಿರು ಬಿಟ್ಟದ್ದು ನನಗೂ ಕೇಳಿಸಿತು. ಹಕ್ಕಿ ಹಾರಿ ತೋಡಿನ ಕೆಳಗೆ ಹೋಯಿತು.

ಆಗ ರೀತಾ ಹಿಂದಕ್ಕೆ ತಿರುಗಿದಳು, ದೇವರಕಾಡಿನ ಕಡೆಗೆ. ಅವಳು ತಿರುಗಿದ ಮೇಲೆ ನಮಗೆ ಕೇಳಿಸಿತು. ಅದೇ ಶಿಳ್ಳೆ, ಆದರೆ ನಿಧಾನ, ಮತ್ತು ಈ ಸಲ ಅರ್ಧಕ್ಕೆ ನಿಲ್ಲದೆ ಪೂರ್ತಿ ಮುಗಿಯಿತು.

ಅವಳ ಕಿವಿಯ ಪರೀಕ್ಷೆ ಮಾಡಿದವಳು ನಾನು. ಅಷ್ಟು ದೂರದ, ಅಷ್ಟು ಸಣ್ಣ ಸದ್ದು ಆ ಮಿಷನ್ನಿಗೆ ಸಿಗಬಾರದು. ನಮಗಿಂತ ಮೊದಲು ಸಿಗುವುದಂತೂ ಸಾಧ್ಯವೇ ಇಲ್ಲ.

"ಇನ್ನೊಂದು ಹಕ್ಕಿ ಇರ್ಬೇಕು," ಅಂದರು ಚೆಂಗಪ್ಪ ಅಂಕಲ್. ಅತ್ತ ನೋಡದೆ ಅಂದರು. ನಮ್ಮನ್ನು ಮುಂದೆ ಬಿಟ್ಟು ತಾವು ಕೊನೆಯಲ್ಲಿ ನಡೆದರು.

ಲೈನಿನ ಮುಂದೆ ಫೂಲ್ಮತಿ ಸೆರಗಿನ ಗಂಟು ಬಿಚ್ಚಿ, ಮಗುವಿನ ಕಿವಿಯಿಂದ ಮಿಷನ್ ತೆಗೆದು ನನ್ನ ಕೈಯಲ್ಲಿಟ್ಟಳು. ನೀನು ಒಂದು ಹಕ್ಕಿ ತೋರಿಸಿದೆ, ನಾನು ನೋಡಿದೆ. ಎರಡನೆಯದನ್ನು ತೋರಿಸಲಿಲ್ಲ, ಅಂದಳು. ಕಿವಿಯ ಬಗ್ಗೆ ಓದಿದ್ದನ್ನೆಲ್ಲ ಹೇಳಬಹುದಿತ್ತು. ಅವಳ ಮುಖ ನೋಡಿದಾಗ ಅದರಿಂದ ಏನೂ ಆಗದು ಅನ್ನಿಸಿತು. ಅವಳು ಹೆದರಿದ್ದು ಮಗು ಹೋಗಿಬಿಡುತ್ತದೆ ಎಂದು. ಆ ಭಯ ನಿಜವಾದದ್ದು.

"ತೋರಿಸೋಕೆ ನನಗೆ ಆಗಲ್ಲ," ಅಂದೆ. "ಆದರೆ ಇವಳಿಗೆ ಅದೊಂದೇ ಕರೆ ಗೊತ್ತು. ಕಿವುಡಿ ಅಂತ ನೀನು ಇವಳನ್ನು ಕರೆದೇ ಇಲ್ಲ, ನಿನ್ನ ದನಿ ಇವಳಿಗೆ ಇನ್ನೂ ಗೊತ್ತಿಲ್ಲ. ಅದು ಕರೆದಾಗ ನೀನೂ ಕರಿ. ನೀನು ಹತ್ತಿರ ಇದ್ದೀಯಲ್ಲ."

ಅವಳು ಒಂದು ಕರಾರು ಹಾಕಿದಳು. ಬಿಸಿಲು ಬಂದ ಮೇಲೆ ಹಾಕುವುದು, ಮುಸ್ಸಂಜೆಗೆ ಮೊದಲು ತೆಗೆಯುವುದು. ನಾನು ಒಪ್ಪಿದೆ. ಇಂಥ ಕರಾರು ಯಾವ ಪುಸ್ತಕದಲ್ಲೂ ಇಲ್ಲ. ಅಷ್ಟರಲ್ಲಿ ಬಿಸಿಲು ಬಿದ್ದಿತ್ತು, ಮಿಷನ್ನನ್ನು ಮತ್ತೆ ರೀತಾಳ ಕಿವಿಗೆ ಕೂರಿಸಿದೆ. ಫೂಲ್ಮತಿ ಮಗುವಿನ ಕಿವಿಯ ಹತ್ತಿರ ಬಾಗಿ ತನ್ನ ಭಾಷೆಯಲ್ಲಿ ಏನೋ ಅಂದಳು. ರೀತಾ ತಾಯಿಯ ಬಾಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಅಂಕಲ್ ಅದೇ ವಾರ ಡಬ್ಬಿ ತೆಗೆದು ಆ್ಯಪ್‌ನಿಂದಲೂ ಅಳಿಸಿಹಾಕಿದರು. ಪೊಟರೆ ಖಾಲಿಯಾಯಿತು. ಆದರೂ ಅದರೊಳಗೆ ಹೂವು, ಸಿಂಧೂರ ಕಾಣಿಸುವುದು ನಿಲ್ಲಲಿಲ್ಲ. ಅವರು ಈಗ ಅದನ್ನು ತೆಗೆಯುವುದಿಲ್ಲ.

ಮರಗಳ ಕೊಂಬೆ ಕಡಿಯುವ ಕೆಲಸ ಮುಗಿದಾಗ ಫೂಲ್ಮತಿಯ ಗುಂಪು ಶ್ರೀಮಂಗಲದ ಕಡೆಯ ಒಂದು ತೋಟಕ್ಕೆ ಹೋಯಿತು. ಮಳೆ ಹಿಡಿದ ಮೇಲೆ ನಾನು ಬ್ಯಾಟರಿ, ತೇವ ಹೀರುವ ಪುಡಿಯ ಪೊಟ್ಟಣ ತೆಗೆದುಕೊಂಡು ಬಸ್ಸಿನಲ್ಲಿ ಹೋದೆ. ಫೂಲ್ಮತಿ ಕರಿ ಚಹಾ ಕೊಟ್ಟಳು. ಅವಳ ಮುಖದಲ್ಲಿ ಹೇಳಲು ಕಾದಿದ್ದ ಒಂದು ಸುದ್ದಿ ಇತ್ತು. ರೀತಾ ಮಾತಾಡಿದ್ದಾಳೆ ಅಂದಳು. ಒಂದೇ ಮಾತು.

ರೀತಾ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಕೈಚಾಚಿ ಹೇಳಿದಳು, "ಬಾ."

ಸ್ಪಷ್ಟವಾಗಿತ್ತು. ಕನ್ನಡವೇ. ಫೂಲ್ಮತಿಗೆ ಹೆಮ್ಮೆ, ಅದರೊಳಗೆ ನೋವು. ಮಗಳ ಮೊದಲ ಮಾತು ತನ್ನ ಮಾತಾಗಿರಲಿಲ್ಲ. ತಮ್ಮ ಲೈನಿನಲ್ಲಿ ಕನ್ನಡ ಆಡುವವರಿಲ್ಲ, ಇವಳು ಶಾಲೆಗೂ ಹೋಗುತ್ತಿಲ್ಲ, ನೀನು ಕಲಿಸಿದೆಯಾ ಎಂದು ಕೇಳಿದಳು. ನಾನು ಕ್ಲಿನಿಕ್ಕಿನಲ್ಲಿ ಆ ಮಗುವಿನ ಹತ್ತಿರ ಯಾವಾಗಲೂ ಹಿಂದಿಯನ್ನೇ ಆಡಿದ್ದೆ.

"ಹೌದು, ನಾನೇ ಕಲಿಸಿದ್ದು," ಅಂದೆ. ಕಾಡಿನ ಕಡೆಯಿಂದ ಕರೆದದ್ದು ಯಾವ ಭಾಷೆಯಲ್ಲಿ ಎಂದು ಅವಳು ಯೋಚಿಸುವುದು ನನಗೆ ಬೇಕಿರಲಿಲ್ಲ.

ಹೊರಡುವಾಗ ರೀತಾಳಿಗೆ ಬರ್ತೀನಿ ಅಂದೆ. ನಮ್ಮ ಭಾಷೆಯಲ್ಲಿ ಹೋಗುವವರು ಹೇಳುವುದು ಹಾಗೇ. ಬಸ್ಸು ಕಾಯುವಾಗ ವಿಜಯಪುರದಿಂದ ಅವ್ವನ ಫೋನ್ ಬಂತು. ಅಲ್ಲಿ ಬಿಸಿಲು ಚುರುಗುಟ್ಟುತ್ತಿದೆ, ಹಪ್ಪಳ ಒಣಗಿಸುತ್ತಿದ್ದೇನೆ ಅಂದಳು. ಇಲ್ಲಿ ಕೊಡೆ ಹಿಡಿದ ಕೈ ಮರಗಟ್ಟಿತ್ತು. ಯಾವಾಗ ಬರ್ತಿ ಎಂದು ಕೇಳಿದಳು. ಬರ್ತೀನಿ ಅಂದೆ. ಅದೇ ಮಾತು, ಅದೇ ದನಿ. ಎರಡರಲ್ಲಿ ಯಾವುದು ನಿಜವಾಗಿ ಮರಳಿ ಬರುವುದು, ಯಾವುದು ಬರೀ ಹೊರಡುವುದು ಎಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು, ಹತ್ತಿಕೊಂಡೆ.