ತೇಜಸ್‌ನ ನೆತ್ತಿ ಮುಚ್ಚಿದ್ದು ನಾನೇ

ನನ್ನ ಕುರ್ಚಿಯಲ್ಲಿ ಕಟಿಂಗ್‌ಗೆ ಕೂತಿದ್ದ ತೇಜಸ್‌ನ ತಲೆಯನ್ನು ವಾರ್ಡನ್ ಖುಷಿಯಿಂದ ಸವರಿದರು. ನಾನು ಬೇಡ ಅನ್ನುವಷ್ಟರಲ್ಲಿ ಬಾಚಿ ಕೂರಿಸಿದ್ದ ಕೂದಲು ಪಕ್ಕಕ್ಕೆ ಸರಿಯಿತು. ನೆತ್ತಿಯಲ್ಲಿ ಅಂಗೈಯಗಲ ಬೋಳು.

"ಫಸ್ಟ್ ಬಂದಿದೀಯ ಕಣೋ" ಎನ್ನುತ್ತಿದ್ದವರ ಮುಖ ಬದಲಾಯಿತು. "ಇದೇನೋ ಇದು?"

ತೇಜಸ್ ಕನ್ನಡಿಯಲ್ಲಿ ನನ್ನನ್ನೇ ನೋಡಿದ. ವಾರ್ಡನ್ನೂ ನನ್ನ ಕಡೆ ತಿರುಗಿದರು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

ನಾನು ಕಾಮಾಕ್ಷಿಪಾಳ್ಯದ ಕಟಿಂಗ್ ಶಾಪಿನಲ್ಲಿ ಕೆಲಸ ಮಾಡುವವನು. ಓನರ್ ರಾಜಣ್ಣನ ಜೊತೆ ತಿಂಗಳಿಗೊಂದು ಭಾನುವಾರ ಕೆಂಗೇರಿ ಆಚೆಯ ಒಂದು ಹಾಸ್ಟೆಲ್ ಸ್ಕೂಲಿಗೆ ಹೋಗುತ್ತೇನೆ. ಊಟದ ಹಾಲಿನ ಹೊರಗೆ ಎರಡು ಕುರ್ಚಿ ಹಾಕಿ ಎದುರಿಗೆ ಕನ್ನಡಿ ಇಡುತ್ತೇವೆ. ಹುಡುಗರು ಸಾಲು ನಿಲ್ಲುತ್ತಾರೆ. ತೇಜಸ್ ಹತ್ತನೇ ಕ್ಲಾಸು.

ಆ ವರ್ಷ ಸ್ಕೂಲು ಶುರುವಾದ ಹೊಸದರಲ್ಲೇ ಆ ಬೋಳು ಕಂಡಿದ್ದೆ. ಆಗ ರೂಪಾಯಿಯಷ್ಟಿತ್ತು. ಹುಳ ತಿಂದು ಕೂದಲು ಉದುರಿದ ಜಾಗ ನುಣ್ಣಗಿರುತ್ತದೆ. ಇಲ್ಲಿ ಗಿಡ್ಡ ಉದ್ದ ಕೂದಲ ಚೂರುಗಳಿದ್ದವು.

"ಕಿತ್ಕೋತೀಯಾ?" ಎಂದು ಮೆಲ್ಲಗೆ ಕೇಳಿದೆ.

"ಓದೋವಾಗ ಕೈ ಹೋಗುತ್ತೆ ಅಣ್ಣ. ಗೊತ್ತೇ ಆಗಲ್ಲ. ಯಾರಿಗೂ ಹೇಳ್ಬೇಡಿ, ಸ್ಪೆಷಲ್ ಬ್ಯಾಚ್‌ಗೆ ತಗೊಳಲ್ಲ."

ಸ್ಪೆಷಲ್ ಬ್ಯಾಚ್ ಅಂದರೆ ಚೆನ್ನಾಗಿ ಓದುವವರಿಗೆ ಇನ್ನಷ್ಟು ಕ್ಲಾಸು, ಇನ್ನಷ್ಟು ಟೆಸ್ಟು. ನಾನು ಏಳನೇ ಕ್ಲಾಸಿಗೇ ಬಿಟ್ಟವನು. ಓದುವವನಿಗೆ ಅಡ್ಡ ಬರಬಾರದು ಅಂದುಕೊಂಡೆ. ಹೇಳಲ್ಲ ಅಂದೆ. ಮುಂದಿನ ಕೂದಲು ಉದ್ದ ಬಿಟ್ಟು ಹಿಂದಕ್ಕೆ ಎಳೆದು ಮುಚ್ಚಿದೆ.

ಅವನಿಗೆ ಸ್ಪೆಷಲ್ ಬ್ಯಾಚ್ ಸಿಕ್ಕಿತು. ಬೋಳು ತಿಂಗಳು ತಿಂಗಳು ಅಗಲವಾಯಿತು. ನಾನೂ ಮುಚ್ಚುತ್ತಾ ಹೋದೆ.

"ಏಯ್ ತೇಜು, ಹೀರೋ ಕಟಿಂಗಾ ಮಗಾ? ಬೇಗ ಏಳೋ!" ಎಂದು ಸಾಲಿನಲ್ಲಿದ್ದವರು ಕೂಗುತ್ತಿದ್ದರು. "ಮದುವೆ ಗಂಡಿಗೆ ಮಾಡ್ದಂಗೆ ಮಾಡ್ತಿದೀಯಲ್ಲೋ" ಎಂದು ರಾಜಣ್ಣ ಆಡಿಕೊಳ್ಳುತ್ತಿದ್ದ. ಯಾರಿಗೂ ಗೊತ್ತಾಗಲಿಲ್ಲ ಅಂತ ನನಗೆ ಜಂಬ ಇತ್ತು.

ಅವತ್ತು ವಾರ್ಡನ್ ಬೈಯಲಿಲ್ಲ. ತೇಜಸ್‌ಗೆ ಹೊದಿಸಿದ್ದ ಬಟ್ಟೆಯನ್ನು ತಾವೇ ಬಿಚ್ಚಿದರು.

"ಮಾರ್ಕ್ಸ್ ಬರ್ತಿತ್ತು, ನಗ್ತಿದ್ದ. ಚೆನ್ನಾಗಿದಾನೆ ಅಂತ ನಾನೇ ಆ ಬ್ಯಾಚ್‌ಗೆ ಹಾಕ್ದೆ. ಒಂದು ಮಾತು ಹೇಳಿದ್ರೆ ಹಾಕ್ತಿರ್ಲಿಲ್ಲ ಕಣೋ."

ಅರ್ಧ ಕಟಿಂಗ್ ಆದ ತಲೆಯಲ್ಲೇ ಅವನ ಹೆಗಲು ಹಿಡಿದು ಕರೆದುಕೊಂಡು ಹೋದರು. ಹೋಗುವಾಗ ತೇಜಸ್ ನನಗೆ ಒಂದೇ ಮಾತು ಹೇಳಿದ.

"ಸರಿಯಾಗಿ ಮುಚ್ಚಿಲ್ಲ ಅಣ್ಣ ನೀವು."

ಅವನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಸ್ಪೆಷಲ್ ಬ್ಯಾಚಿನಿಂದ ತೆಗೆದರು. ಕೆಲವು ದಿನ ಬಸವೇಶ್ವರನಗರದ ಮನೆಯಲ್ಲಿದ್ದು ಮತ್ತೆ ಬಂದ. ಆಮೇಲಿನ ಭಾನುವಾರ ನನ್ನ ಕುರ್ಚಿ ಖಾಲಿ ಇತ್ತು. "ಬಾರೋ" ಅಂದೆ. ಅವನು ರಾಜಣ್ಣನ ಸಾಲಿನಿಂದ ಕದಲಲಿಲ್ಲ. ನೆತ್ತಿಯಲ್ಲಿ ಕಪ್ಪಗೆ ಸಣ್ಣ ಕೂದಲು ಹುಟ್ಟುತ್ತಿತ್ತು. ಅದನ್ನು ದೂರದಿಂದಲೇ ನೋಡಿದೆ.

ಈಗ ಯಾವ ಹುಡುಗನ ತಲೆಯಲ್ಲಿ ಏನು ಕಂಡರೂ ವಾರ್ಡನ್‌ಗೆ ಹೇಳುತ್ತೇನೆ. ಹುಡುಗರು ಚಾಡಿಕೋರ ಅನ್ನುತ್ತಾರೆ. ಅನ್ನಲಿ. ಇದನ್ನು ಕಲಿತದ್ದು ತೇಜಸ್‌ನ ತಲೆಯ ಮೇಲೆ.

ಇಷ್ಟೇ.