ಎಲೆಕ್ಟ್ರೋಮೀಟರಿಗೆ ಗಂಧದ ಬೊಟ್ಟು

ಆಯುಧಪೂಜೆಯ ಮರುದಿನ ಉಡುಪಿಯಿಂದ ಮಣಿಪಾಲದ ಬಸ್ಸು ಹತ್ತಿದವರು ಗಮನಿಸಿರುತ್ತೀರಿ, ಗಂಧದ ಬೊಟ್ಟಿನಿಂದ ತಪ್ಪಿಸಿಕೊಂಡ ಸಲಕರಣೆ ಆ ದಿನ ಊರಿನಲ್ಲಿ ಸಿಗುವುದಿಲ್ಲ. ಬಸ್ಸಿನ ಸ್ಟಿಯರಿಂಗು, ಹೋಟೆಲಿನ ಗ್ರೈಂಡರು, ದರ್ಜಿಯ ಕತ್ತರಿ, ಕ್ಷೌರದಂಗಡಿಯ ತಿರುಗುಕುರ್ಚಿ ಎಲ್ಲವೂ ತಿಲಕಧಾರಿಗಳೇ. ಯಂತ್ರಕ್ಕೆ ಹಣೆ ಎಲ್ಲಿ ಎಂಬ ಜಿಜ್ಞಾಸೆಗೆ ನಮ್ಮವರು ತಲೆ ಕೆಡಿಸಿಕೊಂಡವರಲ್ಲ. ಕೆಡಿಸಿಕೊಂಡವನು ನಾನು, ಅದರ ಫಲವನ್ನು ಉಂಡವನೂ ನಾನೇ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆಸ್ಪತ್ರೆಯೊಂದರ ವಿಕಿರಣ ಚಿಕಿತ್ಸೆಯ ವಿಭಾಗದಲ್ಲಿ ಭೌತವಿಜ್ಞಾನಿಯಾಗಿದ್ದೆ. ಕಿರಣ ಹೊಮ್ಮಿಸುವ ಯಂತ್ರ ಗಜಗಾತ್ರದ್ದು. ಅದು ಹೊಮ್ಮಿಸಿದ್ದೆಷ್ಟು ಎಂದು ಹೇಳಬೇಕಾದ ಎಲೆಕ್ಟ್ರೋಮೀಟರ್ ಮಾತ್ರ ಮಸಾಲೆ ಡಬ್ಬಿಗಿಂತ ತುಸು ದೊಡ್ಡದು. ಅದಕ್ಕೆ ತಂತಿಯಿಂದ ಜೋಡಿಸುವ, ಬೆರಳ ತುದಿಯಷ್ಟಿರುವ ಗಾಳಿಗೂಡಿನಲ್ಲಿ ಕಿರಣ ಹಾದಾಗ ಹುಟ್ಟುವ ವಿದ್ಯುತ್ತು ಎಷ್ಟು ಕೃಶವೆಂದರೆ, ಟಾರ್ಚಿನ ಬಲ್ಬು ಅದನ್ನು ವಿದ್ಯುತ್ತೆಂದೇ ಒಪ್ಪಲಾರದು. ಆ ಪಿಸುಮಾತನ್ನು ಕೇಳಿಸಿಕೊಂಡು ಕೋಟಿ ಪಟ್ಟು ಹಿಗ್ಗಿಸಿ ಹೇಳುವುದೇ ಈ ಡಬ್ಬಿಯ ಕಾಯಕ. ಹಿಗ್ಗಿಸಿ ಹೇಳಿಯೂ ಸುಳ್ಳು ಹೇಳದ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ.

ಇಂಥದ್ದಕ್ಕಲ್ಲದೆ ಪೂಜೆ ಇನ್ಯಾವುದಕ್ಕೆ? ಒಂದು ವರ್ಷ ಆಯುಧಪೂಜೆಯ ದಿನ, ಅಂಕಿ ಮೂಡುವ ಕಿಟಕಿ ಕೊಳೆಯಾಗದಿರಲೆಂದು ಮುತುವರ್ಜಿಯಿಂದ ಹಿಂಬದಿಗೆ ಹೋಗಿ, ತಂತಿ ಸಿಕ್ಕಿಸುವ ಬಾಯಿಯ ಮುಚ್ಚಳ ತೆಗೆದು, ಅಲ್ಲಿದ್ದ ಬಿಳಿಯ ಬಿಲ್ಲೆಯ ಮೇಲೆ ಗಂಧವಿಟ್ಟೆ. ವಿದ್ಯುತ್ತು ಸೋರದಂತೆ ಕಾಯುವ ನಿರೋಧಕ ಅದೇ, ಅದಕ್ಕೆ ಬೆರಳೂ ತಾಗಬಾರದು ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಬೋಧಿಸಿದವನು ನಾನು. ಭಕ್ತಿ ಉಕ್ಕಿದಾಗ ಬೋಧನೆ ನೆನಪಾಗುವುದಿಲ್ಲ.

ರಜೆ ಮುಗಿದ ಬೆಳಿಗ್ಗೆ, ದುರಸ್ತಿಗೆಂದು ನಿಂತಿದ್ದು ಆಗಷ್ಟೇ ಸರಿಯಾಗಿದ್ದ ಚಿಕಿತ್ಸಾಯಂತ್ರದ ಕಿರಣವನ್ನು ಅಳೆದು ನಾನು ಸಹಿ ಹಾಕಬೇಕಿತ್ತು. ಸಹಿ ಬೀಳದೆ ಯಾರಿಗೂ ಚಿಕಿತ್ಸೆ ಕೊಡುವಂತಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಕಾಪುವಿನ ಗಿರಿಜಕ್ಕ ಗಂಡನೊಂದಿಗೆ ಕಾಯುತ್ತ ಕುಳಿತಿದ್ದರು. ಗಿರಿಜಕ್ಕನ ಗಂಟಲಿನ ಗಡ್ಡೆಗೆ ಕೊಡುತ್ತಿದ್ದ ಚಿಕಿತ್ಸೆ ಅರ್ಧಕ್ಕೆ ನಿಂತಿತ್ತು. ದಿನ ಹೋದಷ್ಟೂ ಗಡ್ಡೆ ಮತ್ತೆ ತಲೆಯೆತ್ತುವ ಭಯ. ಒಳಗೆ ನೋಡಿದರೆ, ಕಿರಣವೇ ಇಲ್ಲದ ಕೋಣೆಯಲ್ಲಿ ಎಲೆಕ್ಟ್ರೋಮೀಟರ್ ತನ್ನಷ್ಟಕ್ಕೆ ಅಂಕಿ ಏರಿಸುತ್ತ ಕುಳಿತಿತ್ತು.

ಉಪಕರಣಗಳ ರಿಪೇರಿಗೆ ಬರುತ್ತಿದ್ದ ಕಾರ್ಕಳದ ಸುಂದರಣ್ಣನನ್ನು ಕರೆಸಿದೆ. ಅವರು ನೇರವಾಗಿ ಹಿಂಬದಿಗೇ ಕಣ್ಣು ಹಾಕಿದರು.

“ಬೊಟ್ಟು ಇಟ್ಟದ್ದು ಯಾರು ಸರ್?”

“ನಾನೇ.”

ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಬಿಲ್ಲೆಯನ್ನು ಒರೆಸಿ, ಬಲ್ಬಿನ ಕಾವಿಗೆ ಇಟ್ಟರು. ನನಗೋ ಅವಸರ.

“ಸೋರುವುದು ತೀರಾ ಸ್ವಲ್ಪ. ಅಷ್ಟನ್ನು ಕಳೆದು ನೋಡಿದರೆ ಆಗುವುದಿಲ್ಲವಾ?”

“ಸೋರುವುದು ಒಂದೇ ಸಮ ಇಲ್ಲ ಅಲ್ವಾ, ಎಷ್ಟಂತ ಕಳೆಯುವುದು? ಒಣಗಲಿ ಸರ್. ನೀವು ಕೂತುಕೊಳ್ಳಿ. ಮುಟ್ಟಬೇಡಿ.”

ಶಿಷ್ಯನಂತೆ ಕೈಕಟ್ಟಿ ಕೂತೆ. ಎರಡು ಗಂಟೆ ಕಳೆದ ಮೇಲೆ ಅಂಕಿ ಸೊನ್ನೆಗೆ ಬಂದು ಅಲ್ಲಿಯೇ ನಿಂತಿತು. ಕಿರಣ ಬಿಟ್ಟು ಮೂರು ಸಲ ಅಳೆದೆ. ಮೂರು ಸಲವೂ ಡಬ್ಬಿ ಒಂದೇ ಮಾತು ಹೇಳಿತು. ಆ ಕ್ಷಣ ಅದರ ಮೇಲೆ ಹುಟ್ಟಿದ ಗೌರವ ಯಾವ ಪೂಜೆಯ ದಿನವೂ ಹುಟ್ಟಿರಲಿಲ್ಲ. ಸಹಿ ಹಾಕಿ ಹೊರಗೆ ಬಂದೆ.

“ಇಷ್ಟು ಹೊತ್ತು ಎಂತ ಆಯಿತು?” ಗಿರಿಜಕ್ಕ ಒಡೆದ ದನಿಯಲ್ಲಿ ಕೇಳಿದರು.

“ತಪ್ಪು ನನ್ನದು. ಅಳೆಯುವ ಮಿಷನಿಗೆ ಗಂಧ ಹಚ್ಚಿ ಹಾಳು ಮಾಡಿದ್ದೆ.”

ಅವರು ನನ್ನ ಮುಖವನ್ನೇ ನೋಡಿದರು. “ಈಗ ಅದು ಹೇಳುವುದು ಸರಿ ಉಂಟಾ?”

“ಸರಿ ಉಂಟು.”

‘ಬಹುಶಃ’ ಎಂದು ಸೇರಿಸದೆ ನಾನು ಉತ್ತರ ಕೊಟ್ಟದ್ದು ಅಪರೂಪ. ಗಿರಿಜಕ್ಕ ಚೀಲವನ್ನು ಗಂಡನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಒಳಗೆ ನಡೆದರು.