ಅವರ ಪೋಲಿಂಗ್ ಕಾರ್ಡು

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಹದಿನಾಲ್ಕನೇ ದಿನ ನಾನು ವೋಟು ಹಾಕಲು ಹೋದೆ. ಇಡೀ ಲಂಡನ್ನಿಗೆ ಹೊಸದಾಗಿ ಒಬ್ಬ ಮೇಯರ್, ಒಂದು ಅಸೆಂಬ್ಲಿ ಆಗುವ ಮೊದಲ ಚುನಾವಣೆ ಅದು.

ಅದಕ್ಕೂ ಮುಂಚಿನ ಚುನಾವಣೆಗಳಲ್ಲಿ ಅವರೇ ಜೊತೆಗೆ ಬಂದು, ನನ್ನ ಹೆಸರನ್ನೂ ತಾವೇ ಹೇಳುತ್ತಿದ್ದರು. ಈ ಸಲ ಹಟ ಹಿಡಿದಿದ್ದರು. ಮೇಯರ್ ಚೀಟಿಯಲ್ಲಿ ಮೊದಲ ಆಯ್ಕೆಗೊಂದು, ಎರಡನೆಯದಕ್ಕೊಂದು ಗುರುತು ಹಾಕಬೇಕೆಂದು ಹಳೆಯ ಲಕೋಟೆಯ ಹಿಂದೆ ಗೆರೆ ಎಳೆದು ಕಲಿಸಿದರು.

“ಈ ಸಲ ನೀ ಒಬ್ಬಾಕಿನ ಒಳಗ ಹೋಗಬೇಕು. ನಾ ಹೊರಗ ನಿಂದರ್ತೀನಿ.”

“ನನಗ ತಿಳೀಲಿಲ್ಲಂದ್ರ?”

“ಎರಡನೇದ್ದು ನನಗ ಹಾಕು.”

“ನಿಮಗ ಯಾರು ಟಿಕೆಟ್ ಕೊಟ್ಟಾರ್ರೀ?” ಎಂದೆ. ಕೆಮ್ಮು ಬರುವಷ್ಟು ನಕ್ಕರು. ಮರುವಾರವೇ ಎದೆನೋವು ಬಂದು ಹೋಗಿಬಿಟ್ಟರು.

ಆ ದಿನ ನಿಮ್ಮ ಅವ್ವ, “ಬ್ಯಾಡ ಬಿಡವ್ವಾ, ಯಾರೂ ಕೇಳೂದಿಲ್ಲ,” ಅಂದಳು. ನಾನು ಕೇಳಲಿಲ್ಲ. ಒಬ್ಬಳೇ ಒಳಗೆ ಹೋಗುವುದನ್ನು ಅವರಿಗೆ ತೋರಿಸಬೇಕಿತ್ತು. ಗ್ರೀನ್‌ಫರ್ಡಿನ ಶಾಲೆಯ ಹೊರಗೆ ಅವಳು ಕಾರಿನಲ್ಲೇ ಕುಳಿತಳು.

ಮೇಜಿನ ಹಿಂದಿದ್ದ ಹೆಂಗಸು ನಾನು ಕೊಟ್ಟ ಕಾರ್ಡನ್ನು ಗಟ್ಟಿಯಾಗಿ ಓದಿದಳು. ಅದು ನಿಮ್ಮ ಅಜ್ಜನ ಹೆಸರು. ವೋಟಿಗೆಂದು ನಮ್ಮಿಬ್ಬರಿಗೂ ಅಂಚೆಯಲ್ಲಿ ಬಂದು, ಗಡಿಯಾರದ ಹಿಂದೆ ಅವರೇ ಜೋಡಿಸಿಟ್ಟಿದ್ದ ಎರಡು ಕಾರ್ಡುಗಳಲ್ಲಿ ನಾನು ಅವರದ್ದನ್ನು ತಂದಿದ್ದೆ. ಮದುವೆಯಾದಾಗಿನಿಂದ ಒಮ್ಮೆಯೂ ನನ್ನ ಬಾಯಲ್ಲಿ ಬಾರದ ಹೆಸರು ಅದು. ನಮ್ಮ ಕಡೆ ಗಂಡನ ಹೆಸರು ಹೇಳುವುದಿಲ್ಲ.

“ಇದು ನಿಮ್ಮದಲ್ಲವಲ್ಲ?”

“ನನ್ನ ಗಂಡ,” ಎಂದೆ ಇಂಗ್ಲಿಷಿನಲ್ಲಿ.

“ಅವರು ಆಮೇಲೆ ಬರುತ್ತಾರಾ?”

ಹೆಸರನ್ನೇ ಹೇಳದವಳು ಅವರು ಸತ್ತರೆಂದು ಹೇಗೆ ಹೇಳಲಿ? ಹಿಂದೆ ಜನ ನಿಂತಿದ್ದರು. “ಯೆಸ್,” ಎಂದುಬಿಟ್ಟೆ.

ಆಕೆ ಒಳ್ಳೆಯವಳು. ನನ್ನ ಕಾರ್ಡಿಲ್ಲದಿದ್ದರೂ ನಡೆಯುತ್ತದೆಂದು ನನ್ನ ಹೆಸರು, ವಿಳಾಸ ಕೇಳಿ ಚೀಟಿಗಳನ್ನು ಕೊಟ್ಟಳು. ಅವರ ಕಾರ್ಡನ್ನು ಹಿಂದಿರುಗಿಸಿ, “ರಾತ್ರಿ ಹತ್ತರವರೆಗೂ ತೆರೆದಿರುತ್ತದೆ, ಅವಸರವಿಲ್ಲವೆಂದು ಹೇಳಿ,” ಎಂದಳು. ಅವರು ಲಕೋಟೆಯ ಮೇಲೆ ಕಲಿಸಿದ ಹಾಗೆಯೇ ಗುರುತು ಹಾಕಿದೆ.

ಕಾರಿನಲ್ಲಿ ನಿಮ್ಮ ಅವ್ವ ಕಾರ್ಡು ನೋಡಿ, “ಅಪ್ಪಾಂದು ಯಾಕ ತಂದೀ?” ಅಂದಳು. ನಡೆದದ್ದನ್ನು ಹೇಳಿದೆ.

“ಬರ್ತಾರ ಅಂದ್ಯಾ?”

“ಹೂಂ.”

ಎಲ್ಲರಿಗೂ ಫೋನು ಮಾಡಿ, ಆಸ್ಪತ್ರೆಯ ಕಾಗದಗಳಿಗೆಲ್ಲ ಸಹಿ ಹಾಕಿ, ಅಷ್ಟು ದಿನ ಕಣ್ಣಲ್ಲಿ ಹನಿ ನೀರು ತಂದಿರದ ನನ್ನ ಮಗಳು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ನಾನು ಅವಳ ಬೆನ್ನು ಸವರುತ್ತ ಕುಳಿತೆ. ವೋಟು ಹಾಕಲು ಬಂದವರು ನಮ್ಮನ್ನು ನೋಡಿಯೂ ನೋಡದಂತೆ ಒಳಗೆ ಹೋಗುತ್ತಿದ್ದರು.